537 ಮತಗಳ ಹೊಣೆ ಯಾರದು? 2000ದಲ್ಲಿ ಆಲ್ ಗೋರ್ ಸೋತ ಬಗ್ಗೆ

ತುಂಗಾತೀರ:
ಅಧ್ಯಕ್ಷೀಯ ಚುನಾವಣೆಯಲ್ಲಿ ಸೋತ ಮೇಲೆ ಆ ಸೋಲನ್ನು ಯಾರ ತಲೆಗೆ ಕಟ್ಟಬೇಕೆಂದು ಪಕ್ಷದೊಳಗೆ ಜಗಳವಾಗುವುದು ಅಮೆರಿಕದಲ್ಲಿ ಹೊಸದೇನಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಸೋತಾಗಲೂ 2024ರಲ್ಲಿ ಕಮಲಾ ಹ್ಯಾರಿಸ್ ಸೋತಾಗಲೂ ಅದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಎರಡೂವರೆ ದಶಕ ಕಳೆದರೂ ಇತ್ಯರ್ಥವಾಗದೆ ಉಳಿದಿರುವುದು 2000ದ ಜಗಳ. ಆ ವರ್ಷ ನವೆಂಬರ್ 7ರಂದು ನಡೆದ ಮತದಾನದಲ್ಲಿ ಇಡೀ ದೇಶದ ಲೆಕ್ಕದಲ್ಲಿ ಸುಮಾರು 5.4 ಲಕ್ಷ ಮತಗಳಷ್ಟು ಮುಂದಿದ್ದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಆಗಿನ ಉಪಾಧ್ಯಕ್ಷ ಆಲ್ ಗೋರ್, ಫ್ಲೋರಿಡಾ ಎಂಬ ಒಂದೇ ರಾಜ್ಯದಲ್ಲಿ 537 ಮತಗಳಿಂದ ಹಿಂದೆ ಬಿದ್ದು, ಅಲ್ಲಿನ 25 ಎಲೆಕ್ಟೋರಲ್ ಮತಗಳ (ಅಧ್ಯಕ್ಷರನ್ನು ಕೊನೆಗೆ ಆರಿಸುವುದು ರಾಜ್ಯವಾರು ಹಂಚಿಕೆಯಾದ ಈ ಮತಗಳೇ) ಜೊತೆಗೆ ಶ್ವೇತಭವನವನ್ನೂ ಕಳೆದುಕೊಂಡರು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗೋರ್ ಅವರನ್ನು ಸೋಲಿಸಿದ್ದು ಗ್ರೀನ್ ಪಕ್ಷದ ಅಭ್ಯರ್ಥಿ ರಾಲ್ಫ್ ನೇಡರ್. ಫ್ಲೋರಿಡಾದಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಅವರಿಗೆ 29,12,790, ಗೋರ್ ಅವರಿಗೆ 29,12,253, ನೇಡರ್ ಅವರಿಗೆ 97,488 ಮತಗಳು ಬಂದವು. ನೇಡರ್ ಮತದಾರರಲ್ಲಿ ನೂರಕ್ಕೆ ಒಬ್ಬರು ಮನಸ್ಸು ಬದಲಿಸಿ ಗೋರ್ ಕಡೆಗೆ ಬಂದಿದ್ದರೂ ಸಾಕಾಗಿತ್ತು. ನ್ಯೂ ಹ್ಯಾಂಪ್‌ಶೈರ್‌ನದೂ ಇದೇ ಕಥೆ: ಅಲ್ಲಿ ಗೋರ್ ಸೋತದ್ದು 7,211 ಮತಗಳಿಂದ, ನೇಡರ್ ಪಡೆದದ್ದು 22,198. ಆ ರಾಜ್ಯದ 4 ಎಲೆಕ್ಟೋರಲ್ ಮತಗಳು ಬಂದಿದ್ದರೆ ಫ್ಲೋರಿಡಾದ ಗೊಡವೆಯೇ ಬೇಕಿರಲಿಲ್ಲ. ಎರಡು ಪಕ್ಷಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ಊರೂರು ತಿರುಗಿ ಸಾರಿದ ಮನುಷ್ಯನಿಗೆ ಉತ್ತರ ಸಿಗಲು ಹೆಚ್ಚು ಕಾಲ ಬೇಕಾಗಲಿಲ್ಲ; 2001ರ ಮಾರ್ಚ್‌ನಲ್ಲೇ ಬುಷ್ ಸರ್ಕಾರ ಹವಾಮಾನ ಬದಲಾವಣೆ ಕುರಿತ ಕ್ಯೋಟೋ ಒಪ್ಪಂದದಿಂದ ಹಿಂದೆ ಸರಿಯಿತು, ಎರಡು ವರ್ಷದಲ್ಲಿ ಇರಾಕ್ ಯುದ್ಧವೂ ಬಂತು.

ಹಸಿರುಗಣ್ಣು:
ತುಂಗಾತೀರ ಅವರೇ, ಈ ಲೆಕ್ಕವನ್ನು ಕೇಳಿ ಕೇಳಿ ಸಾಕಾಗಿದೆ. ಫ್ಲೋರಿಡಾದ ಮತಪತ್ರದಲ್ಲಿ ಹತ್ತು ಜನ ಅಭ್ಯರ್ಥಿಗಳಿದ್ದರು. ಅವರಲ್ಲಿ ತೀರಾ ಕಡೆಯಲ್ಲಿ ಬಂದ ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷದ ಅಭ್ಯರ್ಥಿಗೂ 562 ಮತಗಳು ಬಂದಿವೆ. ಅಂದರೆ ನಿಮ್ಮ ತರ್ಕದ ಪ್ರಕಾರ ಯಾರಿಗೂ ಹೆಸರು ನೆನಪಿಲ್ಲದ ಆ ಮನುಷ್ಯನೂ ಅಮೆರಿಕದ ಚರಿತ್ರೆಯನ್ನು ಬದಲಿಸಿದವನೇ ಆಗಬೇಕು. ಆತನನ್ನು ಯಾರೂ ಬೈಯುವುದಿಲ್ಲ. ನೇಡರ್ ಅವರನ್ನು ಮಾತ್ರ ಬೈಯುತ್ತಾರೆ, ಏಕೆಂದರೆ ಅವರು ಎತ್ತಿದ ಪ್ರಶ್ನೆಗಳು ಡೆಮಾಕ್ರಟಿಕ್ ಪಕ್ಷಕ್ಕೆ ಚುಚ್ಚಿದವು.

ಇನ್ನು ಗೋರ್ ಅವರ ತವರಿಗೆ ಬರೋಣ. ಟೆನೆಸಿ ರಾಜ್ಯ ಅವರನ್ನು ಹದಿನಾರು ವರ್ಷ ಸಂಸತ್ತಿನ ಎರಡೂ ಸದನಗಳಿಗೆ ಕಳಿಸಿತ್ತು. ಅವರ ತಂದೆಯೂ ಅಲ್ಲಿಂದಲೇ ಸೆನೆಟರ್ ಆಗಿದ್ದವರು. ಅಂಥ ರಾಜ್ಯದಲ್ಲಿ ಗೋರ್ 80 ಸಾವಿರ ಮತಗಳಿಂದ ಸೋತರು. ಅಲ್ಲಿ ನೇಡರ್ ಪಡೆದ ಮತಗಳನ್ನೆಲ್ಲ ಒಟ್ಟುಗೂಡಿಸಿ ಗೋರ್ ಖಾತೆಗೆ ಹಾಕಿದರೂ ಆ ಅಂತರ ತುಂಬುವುದಿಲ್ಲ. 1972ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಮೆಕ್‌ಗವರ್ನ್ ಸೋತ ಮೇಲೆ ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳಲ್ಲಿ ತವರು ರಾಜ್ಯವನ್ನೇ ಕಳೆದುಕೊಂಡ ಮೊದಲಿಗರು ಇವರು. ಟೆನೆಸಿಯ 11 ಎಲೆಕ್ಟೋರಲ್ ಮತಗಳು ಕೈಯಲ್ಲಿದ್ದಿದ್ದರೆ ಫ್ಲೋರಿಡಾದಲ್ಲಿ ಯಾರು ಎಷ್ಟು ತಿಂಗಳು ಎಣಿಸಿದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮತ ಎಂಬುದು ಮತದಾರನ ಸ್ವತ್ತು; ಅದು ಯಾವುದೋ ಪಕ್ಷದ ಪಿತ್ರಾರ್ಜಿತ ಆಸ್ತಿಯೆಂದೂ ಅದನ್ನು ಮತ್ತೊಬ್ಬ ಕದ್ದನೆಂದೂ ಹೇಳುವುದು ಮತದಾರನಿಗೆ ಮಾಡುವ ಅವಮಾನ.

ಕೋಟೆಬಾಗಿಲು:
ನಾನು ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುವವನು, ಹಾಗಾಗಿ ಇಬ್ಬರ ಜಗಳವನ್ನೂ ಸ್ವಲ್ಪ ಸಂತೋಷದಿಂದಲೇ ಓದಿದೆ. ಆದರೆ ನೀವಿಬ್ಬರೂ ಮುಖ್ಯ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುತ್ತಿದ್ದೀರಿ. ನಿರುದ್ಯೋಗ ಶೇ. 4ರ ಆಸುಪಾಸಿನಲ್ಲಿತ್ತು, ಕೇಂದ್ರದ ಬಜೆಟ್ಟಿನಲ್ಲಿ ಸಾಲದ ಬದಲು ಉಳಿತಾಯವಿತ್ತು, ದೇಶ ಯಾವ ದೊಡ್ಡ ಯುದ್ಧದಲ್ಲೂ ಇರಲಿಲ್ಲ. ಆರ್ಥಿಕ ಸೂಚ್ಯಂಕಗಳನ್ನಿಟ್ಟುಕೊಂಡು ಚುನಾವಣೆಯ ಭವಿಷ್ಯ ಹೇಳುವ ರಾಜಕೀಯ ವಿಜ್ಞಾನಿಗಳು ಆ ವರ್ಷ ಬೇಸಿಗೆಯ ಕೊನೆಯಲ್ಲಿ ಒಕ್ಕೊರಲಿನಿಂದ ಗೋರ್ ಸಲೀಸಾಗಿ ಗೆಲ್ಲುತ್ತಾರೆ ಎಂದಿದ್ದರು. ಇಷ್ಟೆಲ್ಲ ಅನುಕೂಲವಿದ್ದ ಅಭ್ಯರ್ಥಿ 537 ಮತಗಳ ಜಗಳಕ್ಕೆ ಬಂದು ನಿಲ್ಲಬೇಕಾದದ್ದು ಏಕೆ?

ನನ್ನ ಉತ್ತರ, ಜನರಿಗೆ ಅವರ ಮೇಲೆ ನಂಬಿಕೆ ಬರಲಿಲ್ಲ. ಅಕ್ಟೋಬರ್ 3ರಂದು ಬಾಸ್ಟನ್‌ನಲ್ಲಿ ನಡೆದ ಮೊದಲ ಚರ್ಚೆಯಲ್ಲಿ ಬುಷ್ ಮಾತನಾಡುವಾಗಲೆಲ್ಲ ಗೋರ್ ಮೈಕಿಗೆ ಕೇಳುವಂತೆ ನಿಟ್ಟುಸಿರು ಬಿಟ್ಟರು. ಅದಕ್ಕೆ ಟೀಕೆ ಬಂದದ್ದೇ ತಡ, ಎರಡನೆಯ ಚರ್ಚೆಯಲ್ಲಿ ಹಲ್ಲಿಲ್ಲದ ಹಾವಿನಂತೆ ಕುಳಿತರು. ಮೂರನೆಯದರಲ್ಲಿ ಬುಷ್ ಉತ್ತರಿಸುತ್ತಿರುವಾಗ ಎದ್ದು ಹೋಗಿ ಅವರ ಪಕ್ಕಕ್ಕೇ ನಿಂತರು. ಬುಷ್ ಒಮ್ಮೆ ಅವರತ್ತ ನೋಡಿ, ತಲೆ ಆಡಿಸಿ, ತಮ್ಮ ಮಾತು ಮುಂದುವರಿಸಿದರು. ಮೂರು ಚರ್ಚೆಗಳಲ್ಲಿ ಮೂವರು ಬೇರೆ ಬೇರೆ ಗೋರ್‌ಗಳು ಕಂಡರು. ಬಂದೂಕು ನಿಯಂತ್ರಣ ಮತ್ತು ಕಲ್ಲಿದ್ದಲ ವಿಷಯಗಳಲ್ಲಿ ಅವರ ನಿಲುವು ವೆಸ್ಟ್ ವರ್ಜೀನಿಯಾದಂಥ ರಾಜ್ಯವನ್ನೇ ಕಳೆಯಿತು. 1988ರಲ್ಲಿ ಡುಕಾಕಿಸ್ ಹೀನಾಯವಾಗಿ ಸೋತಾಗಲೂ ಡೆಮಾಕ್ರಟರ ಕೈಬಿಡದಿದ್ದ ಗಣಿಗಾರರ ರಾಜ್ಯ ಅದು. ಅಲ್ಲಿಯ 5 ಎಲೆಕ್ಟೋರಲ್ ಮತಗಳಿದ್ದರೂ ಗೋರ್ ಅಧ್ಯಕ್ಷರಾಗುತ್ತಿದ್ದರು. ಅದಕ್ಕೂ ನೇಡರ್ ಕಾರಣವೆನ್ನುತ್ತೀರಾ?

ಬಯಲುಸೀಮೆ:
ಒಂದು ಸಣ್ಣ ಸಂದೇಹ. ದೇಶದಲ್ಲಿ ಹೆಚ್ಚು ಮತ ಪಡೆದವರನ್ನು ಸೋತವರೆಂದು ಕರೆಯುವುದೇ ವಿಚಿತ್ರವಲ್ಲವೇ? ನಮ್ಮಲ್ಲಿ 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದೇ ಒಂದು ಮತದಿಂದ ತೀರ್ಮಾನವಾಯಿತು, 2023ರಲ್ಲಿ ಬೆಂಗಳೂರಿನ ಜಯನಗರ 16 ಮತಗಳಿಂದ. ಅಲ್ಲಿ ಕಡಿಮೆ ಮತ ಪಡೆದವರು ಸೋತರು ಎಂಬುದರಲ್ಲಾದರೂ ಗೊಂದಲವಿರಲಿಲ್ಲ.

ತುಂಗಾತೀರ:
ಬಯಲುಸೀಮೆಯವರೇ, ಎಲೆಕ್ಟೋರಲ್ ಕಾಲೇಜಿನ ನ್ಯಾಯಾನ್ಯಾಯ ಬೇರೆಯೇ ಚರ್ಚೆ. ಅದು ಅನ್ಯಾಯವೆಂದೇ ನನ್ನ ಮತ, ಆದರೆ ಆಟದ ನಿಯಮ ಎರಡೂ ಕಡೆಯವರಿಗೆ ಮೊದಲೇ ಗೊತ್ತಿತ್ತು. ಎಲೆಕ್ಟೋರಲ್ ಮತಗಳಲ್ಲಿ 271ಕ್ಕೆ 266 ಎಂದು ಮುಗಿಯಿತು. ರಾಜಧಾನಿ ವಾಷಿಂಗ್ಟನ್ನಿನ ಒಬ್ಬ ಎಲೆಕ್ಟೋರಲ್ ಪ್ರತಿನಿಧಿ ಪ್ರತಿಭಟನಾರ್ಥವಾಗಿ ತಮ್ಮ ಮತವನ್ನು ಖಾಲಿ ಬಿಟ್ಟರು.

ಕೋಟೆಬಾಗಿಲು ಅವರಿಗೆ ಒಂದು ಮಾತು. ಗೋರ್ ಸುಳ್ಳು ಹೇಳುತ್ತಾರೆಂಬ ಹೆಸರು ತಾನಾಗಿ ಬಂದದ್ದಲ್ಲ, ಕಟ್ಟಿದ್ದು. 1999ರ ಮಾರ್ಚ್‌ನಲ್ಲಿ ಸಿಎನ್‌ಎನ್ ಸಂದರ್ಶನದಲ್ಲಿ ಅವರು ಹೇಳಿದ್ದು, ಸಂಸತ್ತಿನಲ್ಲಿದ್ದಾಗ ಇಂಟರ್‌ನೆಟ್ಟಿನ ನಿರ್ಮಾಣಕ್ಕೆ ತಾವು ಮುಂದಾಗಿ ಶ್ರಮಿಸಿದೆವೆಂದು. ಸಂಶೋಧನೆಗೆ ಹಣ ಒದಗಿಸುವ ಕಾಯ್ದೆಯನ್ನು ಅವರು ಮುಂದೆ ನಿಂತು ತಂದದ್ದು ನಿಜ. ಅದು ನಿಮ್ಮ ಪಕ್ಷದವರ ಮತ್ತು ಪತ್ರಕರ್ತರ ಬಾಯಲ್ಲಿ ಇಂಟರ್‌ನೆಟ್ ಕಂಡುಹಿಡಿದದ್ದೇ ನಾನು ಎಂದಾಯಿತು.

ಎಣಿಕೆಗಾರ:
ತಡವಾಗಿ ಸೇರುತ್ತಿದ್ದೇನೆ, ಕ್ಷಮೆಯಿರಲಿ. ಮೊದಲು ನೇಡರ್ ವಿಷಯ. ನೇಡರ್ ಇಲ್ಲದಿದ್ದರೆ ಅವರ ಮತದಾರರು ಏನು ಮಾಡುತ್ತಿದ್ದರು ಎಂಬುದನ್ನು ಊಹೆಯ ಬದಲು ಮತಪತ್ರಗಳಿಂದಲೇ ತಿಳಿಯಲು ಹೆರನ್ ಮತ್ತು ಲೂಯಿಸ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು ಪ್ರಯತ್ನಿಸಿದರು. ಅದೇ ಮತಪತ್ರದಲ್ಲಿ ಉಳಿದ ಹುದ್ದೆಗಳಿಗೆ ನೇಡರ್ ಮತದಾರರು ಯಾವ ಪಕ್ಷಕ್ಕೆ ಒತ್ತಿದ್ದರೆಂಬುದನ್ನು ಹಿಡಿದು ನೋಡಿದಾಗ, ಸುಮಾರು ಶೇ. 60 ಮಂದಿ ಗೋರ್ ಕಡೆಗೂ ಶೇ. 40 ಮಂದಿ ಬುಷ್ ಕಡೆಗೂ ಹೋಗುತ್ತಿದ್ದರು ಎಂದು ಕಂಡಿತು. ತುಂಗಾತೀರ ಅವರು ಅಂದುಕೊಂಡಿರುವಂತೆ ಅವರೆಲ್ಲ ದಾರಿ ತಪ್ಪಿದ ಡೆಮಾಕ್ರಟರಲ್ಲ; ಹಸಿರುಗಣ್ಣು ಅವರು ಹೇಳುವಂತೆ ಆ ಮತಗಳಿಂದ ಏನೂ ಆಗುತ್ತಿರಲಿಲ್ಲ ಎಂಬುದೂ ನಿಜವಲ್ಲ. ನೂರಕ್ಕೆ ಇಪ್ಪತ್ತರಷ್ಟು ನಿವ್ವಳ ಲಾಭವೆಂದರೂ 97 ಸಾವಿರದಲ್ಲಿ ಅದು 537ಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಆದರೆ ನನಗೆ ಆಶ್ಚರ್ಯವಾಗುವುದು ಬೇರೆ ವಿಷಯಕ್ಕೆ. ಇಲ್ಲಿ ಇದುವರೆಗೆ ಬಂದ ಎಲ್ಲ ವಾದಗಳೂ ಗೋರ್ ಯಾರ ಮನಸ್ಸನ್ನು ಗೆಲ್ಲಲಿಲ್ಲ ಎಂಬುದರ ಸುತ್ತಲೇ ತಿರುಗುತ್ತಿವೆ. ಮನಸ್ಸು ಗೆದ್ದಾಗಿದ್ದ, ಮತಗಟ್ಟೆಗೆ ಬಂದು ಸರತಿಯಲ್ಲಿ ನಿಂತಿದ್ದ, ಗೋರ್‌ಗೇ ಹಾಕಬೇಕೆಂದುಕೊಂಡಿದ್ದ ಮತದಾರರ ಮತ ಏನಾಯಿತು ಎಂಬುದನ್ನು ಯಾರೂ ಕೇಳಲಿಲ್ಲ. ಫ್ಲೋರಿಡಾದಲ್ಲಿ ಅಧ್ಯಕ್ಷ ಹುದ್ದೆಗೆ ಎಣಿಕೆಯಾಗದೆ ಉಳಿದ ಮತಪತ್ರಗಳು ಸುಮಾರು 1,75,000. ಅವುಗಳಲ್ಲಿ ಬಹುಪಾಲು, ಅಂದರೆ 1,10,000ಕ್ಕೂ ಹೆಚ್ಚು, ಒಬ್ಬರಿಗಿಂತ ಹೆಚ್ಚು ಜನರಿಗೆ ಗುರುತು ಹಾಕಿದ್ದರಿಂದ ಅಸಿಂಧುವಾದವು.

ಪಾಮ್ ಬೀಚ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಮತಪತ್ರವನ್ನು ಕಣ್ಣೆದುರಿಗೆ ತಂದುಕೊಳ್ಳಿ. ತೆರೆದ ಪುಸ್ತಕದಂತೆ ಎರಡು ಪುಟಗಳು, ಎರಡರ ನಡುವೆ ಮೇಲಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ತೂತುಗಳು. ಎಡಪುಟದಲ್ಲಿ ಮೊದಲ ಹೆಸರು ಬುಷ್, ಎರಡನೆಯದು ಗೋರ್. ಬಲಪುಟದಲ್ಲಿ, ಎಡಪುಟಕ್ಕಿಂತ ಅರ್ಧ ಸಾಲು ಕೆಳಗೆ, ಮೊದಲ ಹೆಸರು ರಿಫಾರ್ಮ್ ಪಕ್ಷದ ಪ್ಯಾಟ್ ಬ್ಯುಕ್ಯಾನನ್. ಮೊದಲ ತೂತು ಬುಷ್‌ಗೆ, ಎರಡನೆಯದು ಬ್ಯುಕ್ಯಾನನ್‌ಗೆ, ಮೂರನೆಯದು ಗೋರ್‌ಗೆ. ಎಡಪುಟವನ್ನಷ್ಟೇ ಓದಿ ಎರಡನೆಯ ಹೆಸರಿಗೆ ಎರಡನೆಯ ತೂತು ಎಂದುಕೊಂಡವರು ಕಡ್ಡಿ ಚುಚ್ಚಿದ್ದು ಬ್ಯುಕ್ಯಾನನ್‌ಗೆ. ಯಹೂದಿ ಹಿರಿಯರು ದಂಡಿಯಾಗಿ ನೆಲೆಸಿರುವ ಆ ಕೌಂಟಿಯಲ್ಲಿ ಅವರಿಗೆ 3,407 ಮತಗಳು ಬಂದವು. ಅವೆಲ್ಲ ತನ್ನವಾಗಿರಲಾರವೆಂದು ಬ್ಯುಕ್ಯಾನನ್ ಅವರೇ ಟಿ.ವಿ.ಯಲ್ಲಿ ಒಪ್ಪಿಕೊಂಡರು. ಇನ್ನು ಕೆಲವರು ತಪ್ಪು ಗೊತ್ತಾದ ಮೇಲೆ ಸರಿಪಡಿಸಲು ಗೋರ್ ತೂತನ್ನೂ ಚುಚ್ಚಿದರು. ಹಾಗೆ ಎರಡೂ ಹೆಸರಿಗೆ ಚುಚ್ಚಿ ಕೆಟ್ಟುಹೋದ ಮತಪತ್ರಗಳೇ ಆ ಒಂದು ಕೌಂಟಿಯಲ್ಲಿ 5,000ಕ್ಕೂ ಹೆಚ್ಚು. ನೇಡರ್ ಬಗ್ಗೆ, ನಿಟ್ಟುಸಿರಿನ ಬಗ್ಗೆ, ಟೆನೆಸಿಯ ಬಗ್ಗೆ ವಾದಿಸುವಾಗ ‘ಇದ್ದಿದ್ದರೆ’ ಎಂಬುದನ್ನು ನಾವು ಊಹಿಸಬೇಕಾಗುತ್ತದೆ. ಇಲ್ಲಿ ಕಾಗದದ ಮೇಲೆ ತೂತಿದೆ.

ಟ್ಯಾಂಪಾವಾಸಿ:
ಎಣಿಕೆಗಾರರು ಹೇಳಿದ್ದಕ್ಕೆ ಡುವಾಲ್ ಕೌಂಟಿಯನ್ನೂ ಸೇರಿಸಬೇಕು. ಜಾಕ್ಸನ್‌ವಿಲ್ ಇರುವ ಆ ಕೌಂಟಿಯಲ್ಲಿ ಅಧ್ಯಕ್ಷ ಅಭ್ಯರ್ಥಿಗಳ ಪಟ್ಟಿ ಒಂದು ಪುಟದಲ್ಲಿ ಮುಗಿಯದೆ ಮುಂದಿನ ಪುಟಕ್ಕೂ ಹರಿದಿತ್ತು. ಮುಂಚೆ ಹಂಚಿದ ಮಾದರಿ ಮತಪತ್ರದಲ್ಲಿ ಎಲ್ಲ ಪುಟಗಳಲ್ಲೂ ಮತ ಹಾಕಿರೆಂಬ ಸೂಚನೆಯಿತ್ತು. ಹೇಳಿದಂತೆ ಮಾಡಿದವರ ಮತವೇ ಕೆಟ್ಟಿತು. ಆ ಕೌಂಟಿಯಲ್ಲಿ ಸುಮಾರು 27,000 ಮತಪತ್ರಗಳು ಎಣಿಕೆಗೆ ಬರಲಿಲ್ಲ, ಅದರಲ್ಲಿ ಕಪ್ಪುಜನರ ಬಡಾವಣೆಗಳ ಪಾಲೂ ದೊಡ್ಡದು. ಇಡೀ ರಾಜ್ಯದಲ್ಲಿ ಕಪ್ಪು ಮತದಾರರ ಮತಪತ್ರ ತಿರಸ್ಕೃತವಾಗುವ ಸಂಭವ ಉಳಿದವರಿಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಹೆಚ್ಚಿತ್ತೆಂದು ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ 2001ರಲ್ಲಿ ವರದಿ ಕೊಟ್ಟಿತು. ಇದರ ಜೊತೆಗೆ, ಶಿಕ್ಷೆಯಾದ ಅಪರಾಧಿಗಳನ್ನು ಮತದಾರರ ಪಟ್ಟಿಯಿಂದ ತೆಗೆಯುವ ನೆಪದಲ್ಲಿ ಖಾಸಗಿ ಕಂಪನಿಯೊಂದರಿಂದ ಪಟ್ಟಿ ತರಿಸಿ, ಹೆಸರು ಅರ್ಧಂಬರ್ಧ ಹೊಂದಿದವರನ್ನೂ ಹೊರಗಿಟ್ಟ ಪ್ರಕರಣವಿದೆ.

ಆಗ ನಾನು ವೈ2ಕೆ ಕಾಲದಲ್ಲಿ ಬಂದ ಉಳಿದ ಹುಡುಗರ ಹಾಗೆ ಎಚ್-1ಬಿ ವೀಸಾದ ಮೇಲೆ ಟ್ಯಾಂಪಾದಲ್ಲಿ ಕೆಲಸಕ್ಕಿದ್ದೆ; ಮತದ ಹಕ್ಕಿರಲಿಲ್ಲ, ನೋಡುವ ಹಕ್ಕಷ್ಟೇ. ಆ ರಾತ್ರಿ ಟಿ.ವಿ.ಯವರು ಎಂಟು ಗಂಟೆಗೆ ಮುಂಚೆಯೇ ಫ್ಲೋರಿಡಾ ಗೋರ್‌ದೆಂದರು, ಹತ್ತರ ಹೊತ್ತಿಗೆ ಮಾತು ಹಿಂತೆಗೆದುಕೊಂಡರು, ನಡುರಾತ್ರಿ ಎರಡು ದಾಟಿದ ಮೇಲೆ ಬುಷ್ ಗೆದ್ದರೆಂದರು, ಬೆಳಗಿನ ಜಾವ ಅದನ್ನೂ ನುಂಗಿಕೊಂಡರು. ವೊಲೂಷಿಯಾ ಕೌಂಟಿಯ ಒಂದು ಮತಗಟ್ಟೆಯ ಕಂಪ್ಯೂಟರು ಗೋರ್ ಲೆಕ್ಕದಿಂದ 16,022 ಮತಗಳನ್ನು ಕಳೆದು ತೋರಿಸಿತ್ತು. ಒಂದು ಮತಗಟ್ಟೆಯಲ್ಲಿ ಋಣ ಹದಿನಾರು ಸಾವಿರ! ಸೋಲೊಪ್ಪಿಕೊಂಡು ಬುಷ್‌ಗೆ ಫೋನ್ ಮಾಡಿದ್ದ ಗೋರ್, ನ್ಯಾಶ್‌ವಿಲ್‌ನಲ್ಲಿ ಭಾಷಣಕ್ಕೆಂದು ಹೊರಟ ದಾರಿಯಲ್ಲಿ ಅಂತರ ಕರಗುತ್ತಿರುವ ಸುದ್ದಿ ತಿಳಿದು, ಮತ್ತೆ ಫೋನ್ ಮಾಡಿ ಒಪ್ಪಿಗೆ ವಾಪಸು ಪಡೆದರು.

ಕೋಟೆಬಾಗಿಲು:
ಟ್ಯಾಂಪಾವಾಸಿಯವರು ಆ ರಾತ್ರಿಯ ವಿಷಯ ತೆಗೆದದ್ದು ಒಳ್ಳೆಯದಾಯಿತು. ಫ್ಲೋರಿಡಾದ ಪಶ್ಚಿಮದ ತುದಿ ಒಂದು ಗಂಟೆ ಹಿಂದಿನ ಕಾಲವಲಯದಲ್ಲಿದೆ. ರಿಪಬ್ಲಿಕನ್ ಮತದಾರರೇ ಹೆಚ್ಚಿರುವ ಆ ಭಾಗದಲ್ಲಿ ಮತಗಟ್ಟೆಗಳು ಇನ್ನೂ ತೆರೆದಿರುವಾಗಲೇ ಗೋರ್ ಗೆದ್ದರೆಂದು ದೇಶದ ಬಹುತೇಕ ದೊಡ್ಡ ವಾಹಿನಿಗಳು ಘೋಷಿಸಿದವು. ಆಫೀಸು ಮುಗಿಸಿ ಮತ ಹಾಕಲು ಹೊರಟಿದ್ದ ಎಷ್ಟು ಜನ ಮನೆಗೆ ಹಿಂದಿರುಗಿದರೋ! ನಮ್ಮವರಿಗೂ ಒಂದು ‘ಇದ್ದಿದ್ದರೆ’ ಇದೆ.

ಪಾಮ್ ಬೀಚ್ ಮತಪತ್ರದ ಬಗ್ಗೆ ಯಾರನ್ನು ದೂರುತ್ತೀರಿ? ಅದನ್ನು ವಿನ್ಯಾಸ ಮಾಡಿದ ಚುನಾವಣಾಧಿಕಾರಿ ಡೆಮಾಕ್ರಟಿಕ್ ಪಕ್ಷದಿಂದಲೇ ಆಯ್ಕೆಯಾಗಿದ್ದವರು. ಹತ್ತು ಹೆಸರುಗಳು ಒಂದೇ ಪುಟದಲ್ಲಿ ಹಿಡಿಸಬೇಕಾದರೆ ಅಕ್ಷರ ಸಣ್ಣದಾಗುತ್ತದೆ, ವಯಸ್ಸಾದವರಿಗೆ ಓದಲು ಕಷ್ಟವೆಂದು ಅವರು ಎರಡು ಪುಟ ಮಾಡಿದರು. ಮಾದರಿ ಮತಪತ್ರ ಮೊದಲೇ ಜನರ ಕೈಗೆ ಸೇರಿತ್ತು, ಯಾವ ಪಕ್ಷವೂ ಆಗ ತಕರಾರೆತ್ತಲಿಲ್ಲ. ಮತದಾನ ಮುಗಿದ ಮೇಲೆ ಮತದಾರನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿ ಎಣಿಸಲು ಹೊರಟರೆ ಅದಕ್ಕೆ ಕೊನೆಯೆಲ್ಲಿ? ಕೈಯಿಂದ ಮರುಎಣಿಕೆ ಮಾಡುವಾಗ, ಚುಚ್ಚಿದ ತೂತಿನಿಂದ ಅರ್ಧ ಬಿಡಿಸಿಕೊಂಡ ಕಾಗದದ ಚೂರನ್ನು ಒಂದು ಕೌಂಟಿ ಮತವೆಂದಿತು, ಪಕ್ಕದ ಕೌಂಟಿ ಅಲ್ಲವೆಂದಿತು. ಈ ಅಸಮಾನತೆ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲವೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಪ್ಪಿದರು.

ತುಂಗಾತೀರ:
ಏಳು ಜನ ದೋಷವಿದೆಯೆಂದು ಒಪ್ಪಿದ್ದು ನಿಜ. ಆದರೆ ಆ ದೋಷ ಸರಿಪಡಿಸಿ ಎಣಿಕೆ ಮುಂದುವರಿಸಲು ಅವಕಾಶ ಕೊಡದೆ, ಡಿಸೆಂಬರ್ 12ರ ಗಡುವು ಮುಗಿಯಿತೆಂದು ಅದೇ ಡಿಸೆಂಬರ್ 12ರ ರಾತ್ರಿ ಬಾಗಿಲು ಮುಚ್ಚಿದ್ದು ಐದು ಜನ, ಉಳಿದ ನಾಲ್ವರು ಅದಕ್ಕೆ ಒಪ್ಪಲಿಲ್ಲ. ಮೂರು ದಿನ ಮುಂಚೆ ಎಣಿಕೆಯನ್ನು ತಡೆಹಿಡಿದದ್ದೂ ಅದೇ ಐವರು. ತೀರ್ಪು ಈ ಪ್ರಕರಣಕ್ಕಷ್ಟೇ ಸೀಮಿತವೆಂಬ ಮಾತನ್ನೂ ಅದರೊಳಗೆ ಸೇರಿಸಿದರು. ಫಲಿತಾಂಶಕ್ಕೆ ಮುದ್ರೆ ಒತ್ತಿದ ರಾಜ್ಯ ಕಾರ್ಯದರ್ಶಿ ಕ್ಯಾಥರೀನ್ ಹ್ಯಾರಿಸ್ ಅವರು ಫ್ಲೋರಿಡಾದಲ್ಲಿ ಬುಷ್ ಪ್ರಚಾರ ಸಮಿತಿಯ ಸಹಾಧ್ಯಕ್ಷೆ. ರಾಜ್ಯಪಾಲರು ಅಭ್ಯರ್ಥಿಯ ಸ್ವಂತ ತಮ್ಮ. ವಿದೇಶದಿಂದ ಅಂಚೆಯಲ್ಲಿ ಬಂದ ಸೈನಿಕರ ಮತಪತ್ರಗಳ ವಿಷಯ ಬಂದಾಗ ಮಾತ್ರ ನಿಮ್ಮ ಪಕ್ಷದವರಿಗೆ ನಿಯಮಗಳ ಮೇಲಿನ ಭಕ್ತಿ ಕರಗಿಹೋಯಿತು. ಅಂಚೆ ಮುದ್ರೆಯಿಲ್ಲದ, ಸಾಕ್ಷಿಯ ಸಹಿಯಿಲ್ಲದ, ತಡವಾಗಿ ಬಂದ, ಹೀಗೆ ದೋಷವಿದ್ದ 680 ಮತಪತ್ರಗಳು ಎಣಿಕೆಗೆ ಸೇರಿದ್ದವೆಂದು ನ್ಯೂಯಾರ್ಕ್ ಟೈಮ್ಸ್ 2001ರ ಜುಲೈನಲ್ಲಿ ಪ್ರಕಟಿಸಿತು. ಗೆಲುವಿನ ಅಂತರ 537.

ಕೋಟೆಬಾಗಿಲು:
ಆ 680ರಲ್ಲಿ ಎಷ್ಟು ಬುಷ್‌ಗೆ, ಎಷ್ಟು ಗೋರ್‌ಗೆ ಎಂದು ಹೇಳಲು ಬರುವುದಿಲ್ಲ ಎಂಬುದನ್ನೂ ಸೇರಿಸಿ. ಸೈನಿಕರ ಮತಗಳ ಬಗ್ಗೆ ಉದಾರವಾಗಿರಬೇಕೆಂದು ಟಿ.ವಿ.ಯಲ್ಲಿ ಹೇಳಿದವರು ಗೋರ್ ಅವರ ಜೊತೆಗಾರ ಅಭ್ಯರ್ಥಿ ಲೀಬರ್‌ಮನ್.

ಹಸಿರುಗಣ್ಣು:
ಲೀಬರ್‌ಮನ್ ಹೆಸರು ಬಂದದ್ದರಿಂದ ಇನ್ನೊಂದು ಮಾತು. 1998ರಲ್ಲಿ ಸೆನೆಟ್ಟಿನಲ್ಲಿ ಎದ್ದು ನಿಂತು, ಲೆವಿನ್‌ಸ್ಕಿ ಪ್ರಕರಣದಲ್ಲಿ ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ನಡತೆಯನ್ನು ಖಂಡಿಸಿದ ಮೊದಲ ಡೆಮಾಕ್ರಟರೆಂಬ ಕಾರಣಕ್ಕೇ ಅವರನ್ನು ಗೋರ್ ಆರಿಸಿಕೊಂಡರು. ಕ್ಲಿಂಟನ್ ಅವರ ಕೆಲಸವನ್ನು ಮೆಚ್ಚುತ್ತೇವೆ, ಮನುಷ್ಯನನ್ನು ಮೆಚ್ಚುವುದಿಲ್ಲ ಎಂದು ಮತದಾನದ ದಿನ ಹೊರಗೆ ಬಂದ ಮತದಾರರಲ್ಲಿ ಬಹುಮತದವರು ಹೇಳಿದ್ದರು. ಗೋರ್ ಮನುಷ್ಯನಿಂದ ದೂರ ಸರಿಯಲು ಹೋಗಿ ಎಂಟು ವರ್ಷದ ಕೆಲಸದಿಂದಲೂ ದೂರ ಸರಿದರು. ತಾವು ಭಾಗಿಯಾಗಿದ್ದ ಸರ್ಕಾರದ ಸಾಧನೆಯನ್ನು ತಮ್ಮದೆಂದು ಗಟ್ಟಿಯಾಗಿ ಹೇಳಿಕೊಳ್ಳಲಾಗದ ಅಭ್ಯರ್ಥಿಗೆ ನೇಡರ್ ಏನು ಮಾಡಬೇಕಿತ್ತು?

ತುಂಗಾತೀರ:
ಇದನ್ನು ಮಾತ್ರ ನಾನು ಅರ್ಧ ಒಪ್ಪುತ್ತೇನೆ. ಸೋಲಿನ ನಂತರ ಪಕ್ಷದೊಳಗೆ ನಡೆದ ನಿಜವಾದ ಕದನ ಇದರ ಸುತ್ತಲೇ ಇತ್ತು. ಡೆಮಾಕ್ರಟಿಕ್ ಲೀಡರ್‌ಶಿಪ್ ಕೌನ್ಸಿಲ್ ಕಟ್ಟಿದ ಆಲ್ ಫ್ರಮ್ ಅವರ ವಾದ, ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್ ಅಧಿವೇಶನದಿಂದ ಗೋರ್ ಹಿಡಿದ ಬಲಿಷ್ಠರ ವಿರುದ್ಧ ಜನಸಾಮಾನ್ಯರು ಎಂಬ ಹಳೆಯ ವರ್ಗಹೋರಾಟದ ರಾಗವೇ ಉಪನಗರಗಳ ಮಧ್ಯಮ ವರ್ಗವನ್ನು ದೂರ ಮಾಡಿತು ಎಂದು. ಗೋರ್ ಅವರ ಸಮೀಕ್ಷಕ ಸ್ಟ್ಯಾನ್ಲಿ ಗ್ರೀನ್‌ಬರ್ಗ್ ಅವರ ವಾದ ಇದಕ್ಕೆ ತದ್ವಿರುದ್ಧ: ಆ ರಾಗ ಹಿಡಿದದ್ದರಿಂದಲೇ ಹಿಂದುಳಿದಿದ್ದ ಗೋರ್ ಬುಷ್ ಅವರನ್ನು ಹಿಂದಿಕ್ಕಿದರು, ಸೋಲಿಸಿದ್ದು ಬಂದೂಕು, ಧರ್ಮ ಮತ್ತು ನಂಬಿಕೆಯ ಪ್ರಶ್ನೆಗಳು. ಒಂದೇ ಚುನಾವಣೆ, ಒಂದೇ ಅಂಕಿ ಅಂಶ.

ಎಣಿಕೆಗಾರ:
ಅದನ್ನೇ ನಾನೂ ಹೇಳಬೇಕೆಂದಿದ್ದೆ. ಫ್ರಮ್ ಅವರು 1985ರಿಂದಲೂ ಪಕ್ಷ ನಡುಮಧ್ಯಕ್ಕೆ ಬರಬೇಕೆನ್ನುತ್ತಿದ್ದವರು, ಸೋಲಿನಲ್ಲೂ ಅವರಿಗೆ ಅದೇ ಕಂಡಿತು. ಗ್ರೀನ್‌ಬರ್ಗ್ ಮೊದಲಿನಿಂದಲೂ ದುಡಿಯುವ ವರ್ಗದ ಮತದಾರರನ್ನು ಅಧ್ಯಯನ ಮಾಡುತ್ತ ಬಂದವರು, ಅವರಿಗೂ ತಮ್ಮದೇ ಕಂಡಿತು. ನೇಡರ್‌ರನ್ನು ದೂರುವವರಿಗೆ ಮುಂದಿನ ಚುನಾವಣೆಯಲ್ಲಿ ಎಡಪಂಥೀಯರ ಬಾಯಿ ಮುಚ್ಚಿಸಬೇಕಿತ್ತು, ನೇಡರ್‌ರನ್ನು ಸಮರ್ಥಿಸುವವರಿಗೆ ಅದೇ ಎಡಪಂಥೀಯರ ಬೆಲೆ ಏರಿಸಬೇಕಿತ್ತು. 537 ಎಂಬುದು ಎಷ್ಟು ಸಣ್ಣ ಸಂಖ್ಯೆಯೆಂದರೆ, ಯಾವ ಕಾರಣವನ್ನು ತಂದು ಅದರ ಮುಂದೆ ನಿಲ್ಲಿಸಿದರೂ ಅದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಕ್ಯೂಬಾದಿಂದ ಬಂದಿದ್ದ ಎಲಿಯಾನ್ ಗೊನ್ಸಾಲೆಸ್ ಎಂಬ ಆರು ವರ್ಷದ ಹುಡುಗನನ್ನು ತಂದೆಗೆ ಒಪ್ಪಿಸಲೆಂದು 2000ದ ಏಪ್ರಿಲ್‌ನಲ್ಲಿ ಮಯಾಮಿಯ ಬಂಧುಗಳ ಮನೆಯಿಂದ ಸಶಸ್ತ್ರ ಅಧಿಕಾರಿಗಳು ಎತ್ತಿಕೊಂಡು ಹೋಗದಿದ್ದಿದ್ದರೆ ಕ್ಯೂಬನ್ ಮತದಾರರ ಸಿಟ್ಟು ಅಷ್ಟು ಏರುತ್ತಿರಲಿಲ್ಲ, ಗೋರ್ ಗೆಲ್ಲುತ್ತಿದ್ದರು ಎಂದೂ ಹೇಳುವವರಿದ್ದಾರೆ. ಅದೂ ಸುಳ್ಳೆನ್ನಲು ಬರುವುದಿಲ್ಲ. ವಿಚಿತ್ರವೆಂದರೆ ಆ ಹುಡುಗನ ವಿಷಯದಲ್ಲಿ ಗೋರ್ ತಮ್ಮದೇ ಸರ್ಕಾರದ ವಿರುದ್ಧ ನಿಲುವು ತಳೆದಿದ್ದರು, ಅದರಿಂದ ಕ್ಯೂಬನ್ನರೂ ಬರಲಿಲ್ಲ, ಬೇರೆಯವರಿಗೂ ಅದು ಅವಕಾಶವಾದವೆನಿಸಿತು.

ಆದ್ದರಿಂದಲೇ ಮತಪತ್ರದ ಕಾರಣಕ್ಕೆ ವಕಾಲತ್ತು ವಹಿಸುವವರು ಕಡಿಮೆ. ಅದರಿಂದ ಯಾವ ಬಣಕ್ಕೂ ಲಾಭವಿಲ್ಲ. ಪಾಮ್ ಬೀಚ್‌ನದನ್ನು ರೂಪಿಸಿದವರು ಡೆಮಾಕ್ರಟರು, ಹಾಗಾಗಿ ಖಳನಾಯಕ ಸಿಗುವುದಿಲ್ಲ. ಕೆಟ್ಟುಹೋದ ಮತಗಳಲ್ಲಿ ಹೆಚ್ಚಿನವು ಗೋರ್‌ಗೆ ಸೇರಬೇಕಾದವು, ಹಾಗಾಗಿ ರಿಪಬ್ಲಿಕನ್ನರಿಗೆ ಆ ಮಾತೇ ಬೇಡ.

ಬಯಲುಸೀಮೆ:
ಹಾಗಾದರೆ ಎಲ್ಲವನ್ನೂ ಸರಿಯಾಗಿ ಎಣಿಸಿದ್ದರೆ ಗೋರ್ ಗೆಲ್ಲುತ್ತಿದ್ದರೇ? ಇದಕ್ಕೆ ನೇರ ಉತ್ತರವಿದೆಯೇ?

ಎಣಿಕೆಗಾರ:
ಇದೆ, ಆದರೆ ಅದು ಎರಡು ಪಕ್ಷದವರಿಗೂ ಕಹಿ. ಪ್ರಮುಖ ಪತ್ರಿಕೆಗಳು ಸೇರಿ ಶಿಕಾಗೋ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯಿಂದ ಆ ಎಣಿಕೆಯಾಗದ ಮತಪತ್ರಗಳನ್ನು ಒಂದೊಂದಾಗಿ ಪರಿಶೀಲನೆ ಮಾಡಿಸಿ ದಾಖಲಿಸಿದವು. ಫಲಿತಾಂಶ 2001ರ ನವೆಂಬರ್‌ನಲ್ಲಿ ಹೊರಬಂತು. ಗೋರ್ ಪಕ್ಷದವರು ಕೈಯೆಣಿಕೆ ಕೇಳಿದ್ದು ಪಾಮ್ ಬೀಚ್, ಬ್ರೋವರ್ಡ್, ಮಯಾಮಿ-ಡೇಡ್, ವೊಲೂಷಿಯಾ ಎಂಬ ನಾಲ್ಕು ಕೌಂಟಿಗಳಲ್ಲಿ ಮಾತ್ರ, ತಮ್ಮ ಮತ ಹೆಚ್ಚಿರುವ ಕಡೆ ನೋಡಿ. ಅದು ಕೊನೆಯವರೆಗೆ ನಡೆದಿದ್ದರೂ ಬುಷ್ ಗೆಲ್ಲುತ್ತಿದ್ದರು. ಫ್ಲೋರಿಡಾ ಸುಪ್ರೀಂ ಕೋರ್ಟು ನಾಲ್ಕು-ಮೂರರ ಬಹುಮತದಿಂದ ಆದೇಶಿಸಿದಂತೆ ಯಂತ್ರಕ್ಕೆ ಗುರುತು ಕಾಣದ ಮತಪತ್ರಗಳನ್ನಷ್ಟೇ ಎಣಿಸಿದ್ದರೂ ಬಹುತೇಕ ಅದೇ ಆಗುತ್ತಿತ್ತು. ಆದರೆ ಇಡೀ ರಾಜ್ಯದ ಎಲ್ಲ ಅಸಿಂಧು ಮತಪತ್ರಗಳನ್ನೂ, ಒಂದಕ್ಕಿಂತ ಹೆಚ್ಚು ಗುರುತಿರುವುದನ್ನೂ ಸೇರಿಸಿ, ನೋಡಿದ್ದರೆ ಗೋರ್ ಸಣ್ಣ ಅಂತರದಿಂದ ಮುಂದೆ ಬರುತ್ತಿದ್ದರು. ಎರಡು ಗುರುತಿದ್ದರೆ ಮನಸ್ಸು ಹೇಗೆ ತಿಳಿಯುವುದು ಎಂದು ಕೋಟೆಬಾಗಿಲು ಅವರು ಕೇಳಬಹುದು. ಗೋರ್ ಹೆಸರಿನ ಎದುರು ಗುರುತು ಹಾಕಿ, ಕೆಳಗೆ ಬೇರೆ ಹೆಸರು ಬರೆಯಲು ಬಿಟ್ಟ ಜಾಗದಲ್ಲೂ ಗೋರ್ ಎಂದೇ ಬರೆದವರಿದ್ದರು. ಯಂತ್ರಕ್ಕೆ ಅದು ಎರಡು ಮತ. ಓದು ಬಲ್ಲ ಯಾರಿಗಾದರೂ ಅದು ಒಂದೇ.

ಗೋರ್ ಅವರ ವಕೀಲರು ಈ ಮತಪತ್ರಗಳನ್ನು ಎಣಿಸಿರೆಂದು ಯಾವ ನ್ಯಾಯಾಲಯದಲ್ಲೂ ಕೇಳಲಿಲ್ಲ.

ಕೋಟೆಬಾಗಿಲು:
ಅಂದರೆ ಅವರು ಕೇಳಿದ ಎಣಿಕೆ ಕೊಟ್ಟಿದ್ದರೂ ಸೋಲುತ್ತಿದ್ದರು, ಕೇಳದೆ ಬಿಟ್ಟ ಎಣಿಕೆಯಲ್ಲಿ ಗೆಲ್ಲುತ್ತಿದ್ದರು. ಹಾಗಿದ್ದ ಮೇಲೆ ಸುಪ್ರೀಂ ಕೋರ್ಟು ಚುನಾವಣೆಯನ್ನು ಕದ್ದಿತೆಂಬ ತುಂಗಾತೀರ ಅವರ ಮಾತು ಎಲ್ಲಿ ನಿಂತಿತು?

ತುಂಗಾತೀರ:
ನಾನು ಕದ್ದಿತೆಂದು ಬರೆದಿಲ್ಲ, ಮೇಲೆ ನೋಡಿ; ಎಣಿಕೆ ನಿಲ್ಲಿಸಿತೆಂದು ಬರೆದೆ. ನಿಲ್ಲಿಸಿದಾಗ ಎಣಿಕೆ ಎತ್ತ ಹೋಗುತ್ತದೆಂದು ಆ ಐವರಿಗೂ ಗೊತ್ತಿರಲಿಲ್ಲ. ಫ್ಲೋರಿಡಾದ ಎಣಿಕೆಯ ಉಸ್ತುವಾರಿಗೆ ನೇಮಕವಾಗಿದ್ದ ನ್ಯಾಯಾಧೀಶ ಟೆರಿ ಲೂಯಿಸ್ ಅವರು ಎರಡು ಗುರುತಿನ ಮತಪತ್ರಗಳನ್ನೂ ಪರಿಗಣಿಸುವ ಸಾಧ್ಯತೆ ತಮ್ಮ ಮುಂದಿತ್ತೆಂದು ಆಮೇಲೆ ಹೇಳಿದ್ದಾರೆ. ಆ ಬಾಗಿಲು ತೆರೆಯುತ್ತಿತ್ತೋ ಇಲ್ಲವೋ ನೋಡುವ ಮೊದಲೇ ಬೀಗ ಬಿತ್ತು. ನೇಡರ್ ವಿಷಯದಲ್ಲೂ ನನ್ನ ಮಾತಿಗೆ ಬದ್ಧನಾಗಿದ್ದೇನೆ: ಎಣಿಕೆಗಾರರು ಕೊಟ್ಟ ಶೇ. 60–40ರ ಲೆಕ್ಕವೇ ನನಗೆ ಸಾಕು.

ಹಸಿರುಗಣ್ಣು:
ನನಗೂ ಅದೇ ಲೆಕ್ಕ ಸಾಕು. ಶೇ. 40 ಮಂದಿ ಬುಷ್ ಕಡೆಯವರಾಗಿದ್ದರೆ ನೇಡರ್ ನಿಮ್ಮಿಂದ ಕಸಿದಂತೆ ಅವರಿಂದಲೂ ಕಸಿದರು, ಕೋಟೆಬಾಗಿಲು ಅವರು ಒಮ್ಮೆಯೂ ದೂರಲಿಲ್ಲ. ಟೆನೆಸಿಯ 80 ಸಾವಿರಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಟ್ಯಾಂಪಾವಾಸಿ:
ಬಯಲುಸೀಮೆಯವರಿಗೆ ಉಪಯೋಗವಾದೀತೆಂದು ಒಂದು ವಿಷಯ. ತೂತು ಚುಚ್ಚುವ ಮತಪತ್ರವನ್ನು ಫ್ಲೋರಿಡಾ 2001ರಲ್ಲೇ ಕೈಬಿಟ್ಟಿತು. ಮರುವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂದು, ಹಳೆಯ ಯಂತ್ರ ಬದಲಿಸಲು ಎಲ್ಲ ರಾಜ್ಯಗಳಿಗೂ ಹಣ ಸಿಕ್ಕಿತು. ಎರಡು ಹೆಸರಿಗೆ ಗುರುತು ಬಿದ್ದರೆ ಮತದಾರರಿಗೆ ಮತಗಟ್ಟೆಯಲ್ಲೇ ತಿಳಿಸಿ ತಿದ್ದಿಕೊಳ್ಳಲು ಅವಕಾಶ ಕೊಡಬೇಕೆಂಬುದನ್ನೂ ಅದರಲ್ಲಿ ಸೇರಿಸಿದರು. ಈಗ ನಾನು ಇಲ್ಲಿಯ ಪ್ರಜೆಯಾಗಿ ಮತ ಹಾಕುವುದು ಪೆನ್ನಿನಿಂದ ಅಂಡಾಕಾರವನ್ನು ತುಂಬುವ ಕಾಗದದಲ್ಲಿ. ಎರಡು ತುಂಬಿದರೆ ಯಂತ್ರ ಕಾಗದವನ್ನು ಹೊರಗೆ ತಳ್ಳುತ್ತದೆ, ಮತಗಟ್ಟೆಯವರು ಬೇರೆ ಕೊಡುತ್ತಾರೆ.